ಮೂಳೆ ಸ್ಕ್ಯಾನ್ ಚಿತ್ರ ಮಸುಕಾಗಿದೆ: ಕೌಂಟ್ ಸರಿಯಿದೆ, ಫ್ಲಡ್ ಸರಿಯಿದೆ, ತಪ್ಪು ಎಲ್ಲಿದೆ?

ಕಡಲತಡಿ:

ಎಲ್ಲರಿಗೂ ನಮಸ್ಕಾರ. ಕರಾವಳಿಯ ಆಸ್ಪತ್ರೆಯೊಂದರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ನಾನು ತಂತ್ರಜ್ಞ. ನಮ್ಮಲ್ಲಿರುವುದು ಹನ್ನೊಂದು ವರ್ಷ ಹಳೆಯದಾದ, ಎರಡು ಹೆಡ್‌ಗಳ (ರೋಗಿಯ ಮೇಲೊಂದು, ಕೆಳಗೊಂದು) ಗಾಮಾ ಕ್ಯಾಮೆರಾ, ಅಂದರೆ ದೇಹಕ್ಕೆ ಚುಚ್ಚಿದ ವಿಕಿರಣಶೀಲ ಔಷಧದಿಂದ ಹೊರಬರುವ ಕಿರಣಗಳನ್ನು ಹಿಡಿದು ಚಿತ್ರ ಕಟ್ಟುವ ಯಂತ್ರ. ದಿನಕ್ಕೆ ಆರೇಳು ಮೂಳೆ ಸ್ಕ್ಯಾನ್‌ಗಳಿರುತ್ತವೆ. ಬರುವವರಲ್ಲಿ ಹೆಚ್ಚಿನವರು ಸ್ತನದ ಅಥವಾ ಪ್ರಾಸ್ಟೇಟಿನ ಕ್ಯಾನ್ಸರ್ ಮೂಳೆಗೆ ಹರಡಿದೆಯೇ ಎಂದು ತಿಳಿಯಲು ಬಂದವರು. ಹೊಸದಾಗಿ ಸೇರಿದ ವೈದ್ಯೆಯೊಬ್ಬರು ಕಳೆದ ವಾರ ಚಿತ್ರಗಳನ್ನು ನೋಡಿ, ಪಕ್ಕೆಲುಬುಗಳು ಒಂದಕ್ಕೊಂದು ಅಂಟಿಕೊಂಡಂತಿವೆ, ಎದೆಮೂಳೆಯ ಅಂಚೇ ಸಿಗುತ್ತಿಲ್ಲ ಎಂದರು. ಕಳೆದ ವರ್ಷದ ಚಿತ್ರಗಳನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದಾಗ ಅವರ ಮಾತು ನಿಜವೆಂದು ಒಪ್ಪಬೇಕಾಯಿತು. ದಿನವೂ ನೋಡುವ ನನ್ನ ಕಣ್ಣಿಗೆ ಇದು ಹೇಗೆ ತಪ್ಪಿತೋ ತಿಳಿಯದು.

ನಮ್ಮ ಕ್ರಮ ಹೀಗಿದೆ. ವಯಸ್ಕರಿಗೆ 740 ಮೆಗಾಬೆಕರೆಲ್, ಅಂದರೆ 20 ಮಿಲಿಕ್ಯೂರಿ ಟೆಕ್ನೀಷಿಯಂ ಎಂಡಿಪಿ (ಮೂಳೆಗೆ ಸೇರುವ ವಿಕಿರಣಶೀಲ ಔಷಧ) ಕೊಟ್ಟು ಮೂರು ಗಂಟೆ ಕಾಯಿಸುತ್ತೇವೆ. ಲೋ ಎನರ್ಜಿ ಹೈ ರೆಸಲ್ಯೂಶನ್ ಕಾಲಿಮೇಟರ್ (ನೇರವಾಗಿ ಬಂದ ಕಿರಣಗಳನ್ನಷ್ಟೇ ಒಳಗೆ ಬಿಡುವ ಸೀಸದ ಜಾಲರಿ) ಹಾಕಿದ್ದೇವೆ. ಮಂಚ ನಿಮಿಷಕ್ಕೆ 15 ಸೆಂ.ಮೀ. ಚಲಿಸುತ್ತದೆ; ವಿಂಡೋ, ಅಂದರೆ ಎಣಿಕೆಗೆ ಒಪ್ಪುವ ಕಿರಣಗಳ ಶಕ್ತಿಯ ವ್ಯಾಪ್ತಿ, 140 ಕೆಇವಿ (ಶಕ್ತಿಯ ಅಳತೆ) ಸುತ್ತ ಶೇ. 20. ಮುಂಭಾಗ, ಹಿಂಭಾಗ ಎರಡು ನೋಟಗಳಲ್ಲೂ ಒಟ್ಟು ಕೌಂಟ್ (ಎಣಿಕೆಗೆ ಸಿಕ್ಕ ಕಿರಣಕಣಗಳು, ಅಂದರೆ ಫೋಟಾನ್‌ಗಳು) 15 ಲಕ್ಷಕ್ಕೆ ಕಡಿಮೆಯಾಗಿಲ್ಲ. ಬೆಳಗಿನ ಕೋಬಾಲ್ಟ್ ಫ್ಲಡ್ ದಿನವೂ ಪಾಸಾಗುತ್ತಿದೆ (ವಿಕಿರಣ ಸೂಸುವ ಕೋಬಾಲ್ಟ್ ಹಾಳೆಯಿಟ್ಟು ಕ್ಯಾಮೆರಾ ಎಲ್ಲೆಡೆ ಸಮನಾಗಿ ಎಣಿಸುತ್ತಿದೆಯೇ ಎಂದು ನೋಡುವ ಪರೀಕ್ಷೆ). ಮುಂಭಾಗದ ನೋಟ ಹೆಚ್ಚು ಕೆಟ್ಟಿದೆ, ಹಿಂಭಾಗದ್ದು ಪರವಾಗಿಲ್ಲ ಎನ್ನಬಹುದು.

ಇದರ ನಡುವೆ ಚಿತ್ರವನ್ನು ಸ್ಪಷ್ಟಗೊಳಿಸುವ ಸಾಫ್ಟ್‌ವೇರ್ ಒಂದನ್ನು ಮಾರಲು ಬಂದವರು, ಅರ್ಧ ಸಮಯದಲ್ಲಿ ಇದಕ್ಕಿಂತ ಚೆನ್ನಾದ ಚಿತ್ರ ಬರುತ್ತದೆ ಎಂದು ಆಡಳಿತದವರಿಗೆ ಹೇಳಿ ಹೋಗಿದ್ದಾರೆ. ಅದನ್ನು ಕೊಳ್ಳುವ ಮೊದಲು ಏನನ್ನು ಪರೀಕ್ಷಿಸಬೇಕು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಹಾಟ್ ಲ್ಯಾಬ್:

ಕ್ಯಾಮೆರಾವನ್ನು ಮುಟ್ಟುವ ಮೊದಲು ಸಿರಿಂಜಿನಿಂದ ಆರಂಭಿಸಿ. ನಾನು ರೇಡಿಯೋಫಾರ್ಮಸಿಯಲ್ಲಿ ಕೆಲಸ ಮಾಡುವವಳಾದ್ದರಿಂದ ನನಗೆ ಎಲ್ಲ ರೋಗವೂ ಔಷಧದಲ್ಲೇ ಕಾಣುತ್ತದೆ ಎಂದು ನೀವು ನಗಬಹುದು. ಆದರೂ ನಾಲ್ಕು ಪ್ರಶ್ನೆಗಳಿವೆ.

ಚಿತ್ರದಲ್ಲಿ ಥೈರಾಯ್ಡ್, ಜೊಲ್ಲಿನ ಗ್ರಂಥಿಗಳು, ಜಠರ ಮೂರೂ ಕಾಣುತ್ತಿವೆಯೇ? ಕಾಣುತ್ತಿದ್ದರೆ ಟೆಕ್ನೀಷಿಯಂ ಎಂಡಿಪಿಗೆ ಪೂರ್ತಿ ಅಂಟಿಕೊಂಡಿಲ್ಲ, ಸ್ವತಂತ್ರ ಪರ್ಟೆಕ್ನೆಟೇಟ್ ಆಗಿಯೇ ಉಳಿದಿದೆ ಎಂದರ್ಥ. ಕಿಟ್ ವಯಲ್‌ನೊಳಗೆ (ಎಂಡಿಪಿ ಇರುವ ಸೀಸೆಯೊಳಗೆ) ಇರುವ ತವರದ ಅಂಶ ಟೆಕ್ನೀಷಿಯಂ ಅನ್ನು ಅಂಟುವ ಸ್ಥಿತಿಗೆ ತರುತ್ತದೆ. ಸಿರಿಂಜಿನಿಂದ ಸ್ವಲ್ಪ ಗಾಳಿ ಒಳಗೆ ಹೋದರೂ ಆ ತವರ ಆಕ್ಸಿಡೀಕರಣಗೊಂಡು ಕೈಕೊಡುತ್ತದೆ. ಇದಕ್ಕೆ ದೊಡ್ಡ ಉಪಕರಣವೇನೂ ಬೇಡ. ಕಾಗದದ ಪಟ್ಟಿಯ ಕ್ರೊಮಟೋಗ್ರಫಿಯನ್ನು ಅಸಿಟೋನ್‌ನಲ್ಲಿ ಓಡಿಸಿದರೆ ಸ್ವತಂತ್ರ ಪರ್ಟೆಕ್ನೆಟೇಟ್ ಪಟ್ಟಿಯ ಮೇಲ್ತುದಿಗೆ ಏರುತ್ತದೆ, ಎಂಡಿಪಿಗೆ ಅಂಟಿದ್ದು ಬುಡದಲ್ಲೇ ಉಳಿಯುತ್ತದೆ. ಹತ್ತು ನಿಮಿಷದ ಕೆಲಸ, ಆದರೆ ಬೆಳಗಿನ ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ.

ಎರಡನೆಯದಾಗಿ, ಯಕೃತ್ತು ಮಂಕಾಗಿ ಕಾಣುತ್ತಿದ್ದರೆ ಟೆಕ್ನೀಷಿಯಂ ಸಣ್ಣ ಕಣಗಳಾಗಿ ಕೂಡಿಕೊಂಡು ಕೊಲಾಯ್ಡ್ ರೂಪುಗೊಂಡಿರಬಹುದು. ಮೂರನೆಯದು, ಭಾನುವಾರ ಎಲ್ಯೂಟ್ ಮಾಡದೆ (ಟೆಕ್ನೀಷಿಯಂ ತೊಳೆದು ತೆಗೆಯದೆ) ಬಿಟ್ಟ ಜನರೇಟರ್‌ನ (ಮಾಲಿಬ್ಡಿನಂನಿಂದ ಟೆಕ್ನೀಷಿಯಂ ಹುಟ್ಟುವ ಉಪಕರಣದ) ಸೋಮವಾರದ ಮೊದಲ ಎಲ್ಯೂಶನ್ ಅನ್ನು ಕಿಟ್‌ಗೆ ಬಳಸುತ್ತೀರಾ? ಚಿತ್ರಕ್ಕೆ ಬೇಕಾದ ಟೆಕ್ನೀಷಿಯಂ-99ಎಂ ಕ್ಷಯಿಸಿ ಉಳಿಯುವ ಟೆಕ್ನೀಷಿಯಂ-99 ಅದರಲ್ಲಿ ಕೂಡಿಕೊಂಡಿರುತ್ತದೆ. ರಾಸಾಯನಿಕವಾಗಿ ಅವೆರಡೂ ಒಂದೇ ಆದ್ದರಿಂದ ಅದು ಕಿಟ್‌ನ ತವರಕ್ಕೆ ಪಾಲುದಾರನಾಗುತ್ತದೆ, ಚಿತ್ರಕ್ಕೆ ಮಾತ್ರ ಏನೂ ಕೊಡುವುದಿಲ್ಲ. ನಾಲ್ಕನೆಯದು, ಇಂಜೆಕ್ಷನ್ ಚುಚ್ಚಿದ ಜಾಗದಲ್ಲಿ ಕಪ್ಪು ಚುಕ್ಕೆ ಎಷ್ಟು ಮಂದಿಯಲ್ಲಿ ಕಾಣುತ್ತಿದೆ? ರಕ್ತನಾಳದಿಂದ ಹೊರಗೆ ಸೋರಿದ ಔಷಧ ಮೂಳೆಗೆ ಸಮಯಕ್ಕೆ ತಲುಪುವುದಿಲ್ಲ.

ಕಡಲತಡಿ:

ಮೇಡಂ, ಧನ್ಯವಾದಗಳು. ಥೈರಾಯ್ಡ್, ಜಠರ ಯಾವುದೂ ಕಾಣುತ್ತಿಲ್ಲ, ಯಕೃತ್ತು ಸ್ವಚ್ಛವಾಗಿದೆ. ಇಂದು ಪಟ್ಟಿ ಓಡಿಸಿದೆವು, ಲೇಬಲಿಂಗ್ (ಎಂಡಿಪಿಗೆ ಅಂಟಿದ ಪಾಲು) ಶೇ. 95ಕ್ಕಿಂತ ಹೆಚ್ಚಿದೆ. ಆದರೆ ನಿಮ್ಮ ಪ್ರಶ್ನೆಯಿಂದ ಬೇರೊಂದು ವಿಷಯ ಹೊರಬಂತು. ದೂರದ ತಾಲೂಕಿನಿಂದ ಬಂದವರು ಕೊನೆಯ ಬಸ್ಸು ತಪ್ಪುತ್ತದೆ ಎಂದು ಒತ್ತಾಯಿಸಿದಾಗ ಕೆಲವರನ್ನು ಒಂದೂ ಮುಕ್ಕಾಲು ಗಂಟೆಗೇ ಮಂಚಕ್ಕೆ ಹತ್ತಿಸಿದ್ದೇವೆ.

ಬೆಳಕುಪೆಟ್ಟಿಗೆ:

ವರದಿ ಬರೆಯುವವಳಾಗಿ ಆ ಬಸ್ಸಿನ ವಿಷಯಕ್ಕೆ ಮೊದಲು ಉತ್ತರಿಸುತ್ತೇನೆ. ಮೂಳೆಯಲ್ಲಿ ಔಷಧ ಸೇರುವುದು ಎಷ್ಟು ಮುಖ್ಯವೋ, ಉಳಿದದ್ದು ರಕ್ತದಿಂದ ಮೂತ್ರಪಿಂಡದ ಮೂಲಕ ಹೊರಗೆ ಹೋಗುವುದೂ ಅಷ್ಟೇ ಮುಖ್ಯ. ಎರಡರಿಂದ ನಾಲ್ಕು ಗಂಟೆ ಕಾಯಬೇಕು ಎಂಬ ನಿಯಮದ ಹಿಂದೆ ಇರುವುದು ಈ ತೊಳೆಯುವಿಕೆಯೇ. ಬೇಗ ತೆಗೆದ ಚಿತ್ರದಲ್ಲಿ ಮೂಳೆಯ ಸುತ್ತ ಮಾಂಸದ ಬೂದು ಛಾಯೆ ಉಳಿದಿರುತ್ತದೆ, ಹಾಗಾಗಿ ಕೌಂಟ್ ಸಾಕಷ್ಟಿದ್ದರೂ ಮೂಳೆ ಎದ್ದು ಕಾಣುವುದಿಲ್ಲ. ವಯಸ್ಸಾದವರಿಗೂ ಮೂತ್ರಪಿಂಡ ದುರ್ಬಲವಾಗಿರುವವರಿಗೂ ಮೂರು ಗಂಟೆಯೂ ಸಾಲದಾಗಬಹುದು. ಚುಚ್ಚಿದ ಕೂಡಲೇ ಕೈಗೊಂದು ನೀರಿನ ಬಾಟಲಿ ಕೊಟ್ಟು, ಆಗಾಗ ಮೂತ್ರ ಮಾಡಿ ಬರಲು ಹೇಳಿ, ಮಂಚ ಹತ್ತುವ ಮುನ್ನ ಮತ್ತೊಮ್ಮೆ ಕಳುಹಿಸಿ. ತುಂಬಿದ ಮೂತ್ರಕೋಶವೊಂದು ಇಡೀ ಸೊಂಟದ ಎಲುಬನ್ನು ನುಂಗಿಹಾಕುತ್ತದೆ. ದೂರದವರ ಸರದಿಯನ್ನು ಬೆಳಗಿನ ಮೊದಲ ಇಂಜೆಕ್ಷನ್‌ಗೆ ಇಟ್ಟರೆ ಬಸ್ಸಿನ ಜಗಳ ಬಹುಮಟ್ಟಿಗೆ ಮುಗಿಯುತ್ತದೆ.

ಆದರೆ ನೀವು ಹೇಳಿದ ತೊಂದರೆಗೆ ಇದು ಪೂರ್ತಿ ಕಾರಣವಲ್ಲ ಎಂದು ನನಗನಿಸುತ್ತದೆ. ಕಾಯುವಿಕೆ ಕಡಿಮೆಯಾದರೆ ಹಿನ್ನೆಲೆ ಮಂಕಾಗುತ್ತದೆಯೇ ಹೊರತು ಪಕ್ಕೆಲುಬುಗಳು ಒಂದರೊಳಗೊಂದು ಕರಗುವುದಿಲ್ಲ.

ಸೀಸದ ಜಾಲರಿ:

ನಾನು ಮೆಡಿಕಲ್ ಫಿಸಿಸಿಸ್ಟ್. ನೀವು ಕೊಟ್ಟ ವಿವರದಲ್ಲಿ ಒಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು: ಕೋಬಾಲ್ಟ್ ಫ್ಲಡ್ ದಿನವೂ ಪಾಸಾಗುತ್ತಿದೆ. ಆ ಹಾಳೆಯಲ್ಲಿರುವ ಕೋಬಾಲ್ಟ್-57 ಹೊರಸೂಸುವುದು 122 ಕೆಇವಿ. ನೀವು ರೋಗಿಯಲ್ಲಿ ಅಳೆಯುವುದು ಟೆಕ್ನೀಷಿಯಂನ 140 ಕೆಇವಿ. ಕ್ಯಾಮೆರಾ ತಾನಾಗಿಯೇ ಕೋಬಾಲ್ಟ್‌ಗೆ ಪೀಕ್ (ಅತಿ ಹೆಚ್ಚು ಕೌಂಟ್ ಬೀಳುವ ಶಕ್ತಿ) ಹುಡುಕಿ ಹೊಂದಿಸಿಕೊಂಡರೆ, ಟೆಕ್ನೀಷಿಯಂನ ಪೀಕ್ ಎಲ್ಲಿ ಕುಳಿತಿದೆ ಎಂಬುದನ್ನು ಆ ಫ್ಲಡ್ ಹೇಳುವುದಿಲ್ಲ. ಟೆಕ್ನೀಷಿಯಂನ ಒಂದು ಹನಿಯನ್ನು ಸಿರಿಂಜಿನಲ್ಲಿಟ್ಟು ಎರಡೂ ಹೆಡ್‌ಗಳ ಸ್ಪೆಕ್ಟ್ರಮ್ ಅನ್ನು (ಯಾವ ಶಕ್ತಿಗೆ ಎಷ್ಟು ಕೌಂಟ್ ಎಂಬ ನಕ್ಷೆಯನ್ನು) ಬೇರೆಬೇರೆಯಾಗಿ ನೋಡಿ.

ಇದರ ಮೇಲೆ ಏಕೆ ಒತ್ತು ಕೊಡುತ್ತಿದ್ದೇನೆಂದರೆ, ಗಾಮಾ ಕ್ಯಾಮೆರಾಕ್ಕೆ ನೇರವಾಗಿ ಬಂದ ಫೋಟಾನ್‌ಗೂ ದೇಹದೊಳಗೆ ದಿಕ್ಕು ತಪ್ಪಿ ಬಂದ ಫೋಟಾನ್‌ಗೂ ವ್ಯತ್ಯಾಸ ತಿಳಿಯಲು ಇರುವ ಒಂದೇ ಗುರುತು ಶಕ್ತಿ. ಆ ಗುರುತೂ ಬಹಳ ದುರ್ಬಲವಾದದ್ದು. 140 ಕೆಇವಿ ಫೋಟಾನ್ ಒಂದು ಎಲೆಕ್ಟ್ರಾನ್‌ಗೆ ತಾಗಿ 45 ಡಿಗ್ರಿಯಷ್ಟು ಹೊರಳಿದರೂ ಅದರಲ್ಲಿ ಸುಮಾರು 130 ಕೆಇವಿ ಉಳಿದಿರುತ್ತದೆ. ಶೇ. 20ರ ವಿಂಡೋ 126ರಿಂದ 154 ಕೆಇವಿವರೆಗೆ ತೆರೆದಿರುವುದರಿಂದ ಈ ದಾರಿತಪ್ಪಿದ ಫೋಟಾನ್ ಯಾವ ತಕರಾರೂ ಇಲ್ಲದೆ ಒಳಗೆ ಬರುತ್ತದೆ. ಲೆಕ್ಕ ಹಾಕಿದರೆ ಸುಮಾರು 53 ಡಿಗ್ರಿವರೆಗೆ ಹೊರಳಿದವೆಲ್ಲಕ್ಕೂ ಬಾಗಿಲು ತೆರೆದೇ ಇದೆ. ಕ್ಯಾಮೆರಾದೊಳಗೆ ಫೋಟಾನ್ ಹಿಡಿಯುವ ಸೋಡಿಯಂ ಅಯೊಡೈಡ್ ಕ್ರಿಸ್ಟಲ್ ಈ ಶಕ್ತಿಯಲ್ಲಿ ಸುಮಾರು ಶೇ. 10ರಷ್ಟು ಮಸುಕಾಗಿ ಅಳೆಯುವುದರಿಂದ ಅದಕ್ಕಿಂತ ಹೆಚ್ಚು ಹೊರಳಿದ ಕೆಲವೂ ನುಸುಳುತ್ತವೆ. ಹೀಗಿರುವಾಗ ವಿಂಡೋ ಪೀಕಿನಿಂದ ಎಡಕ್ಕೆ, ಅಂದರೆ ಕಡಿಮೆ ಶಕ್ತಿಯ ಕಡೆಗೆ ಸರಿದರೆ ನಿಜವಾದ ಫೋಟಾನ್‌ಗಳನ್ನು ಕಳೆದುಕೊಂಡು ಚದುರಿದವನ್ನು ಎಣಿಸತೊಡಗುತ್ತೀರಿ.

ಪೀಕ್ ಜಾರಲು ಕರಾವಳಿಯಲ್ಲಿ ಕಾರಣಗಳಿಗೆ ಬರವಿಲ್ಲ. ಕ್ರಿಸ್ಟಲ್‌ನ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಫೋಟೊಮಲ್ಟಿಪ್ಲಯರ್ ಟ್ಯೂಬ್‌ಗಳ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಉಷ್ಣಾಂಶದೊಡನೆಯೂ ಹೈ ವೋಲ್ಟೇಜಿನೊಡನೆಯೂ ಬದಲಾಗುತ್ತದೆ. ವಿದ್ಯುತ್ ಉಳಿಸುವ ನೆಪದಲ್ಲಿ ರಾತ್ರಿ ಎ.ಸಿ. ಆರಿಸುವ ಪದ್ಧತಿ ನಿಮ್ಮಲ್ಲಿದ್ದರೆ ಇಂದೇ ನಿಲ್ಲಿಸಿ. ಆ ಕ್ರಿಸ್ಟಲ್ ಉಪ್ಪಿನಂತೆಯೇ ತೇವವನ್ನು ಹೀರುತ್ತದೆ, ಉಷ್ಣಾಂಶ ಥಟ್ಟನೆ ಬದಲಾದರೆ ಸೀಳುತ್ತದೆ. ಸೀಳಿದ ಕ್ರಿಸ್ಟಲ್‌ನ ಬೆಲೆಯ ಮುಂದೆ ಎ.ಸಿ.ಯ ಬಿಲ್ಲು ಯಾವ ಲೆಕ್ಕಕ್ಕೂ ಇಲ್ಲ.

ಹಳೆಯ ಕೈ:

ನಾನು ನಿವೃತ್ತ ತಂತ್ರಜ್ಞ. ಮೂವರು ಮೇಡಂಗಳೂ ಹೇಳಿದ್ದು ಸರಿ. ಆದರೆ ತಮ್ಮಾ, ನೀನೇ ಬರೆದಿದ್ದೀಯಲ್ಲ, ಮುಂಭಾಗದ ನೋಟ ಹೆಚ್ಚು ಕೆಟ್ಟಿದೆ, ಹಿಂಭಾಗದ್ದು ಪರವಾಗಿಲ್ಲ ಎಂದು. ಔಷಧ ಕೆಟ್ಟಿದ್ದರೆ ಎರಡೂ ನೋಟ ಕೆಡಬೇಕಿತ್ತು. ರೋಗಿ ಅಲುಗಿದ್ದರೂ ಎರಡೂ ಕೆಡಬೇಕಿತ್ತು. ಒಂದು ಹೆಡ್‌ನ ಪೀಕ್ ಜಾರಿರಬಹುದು, ಅದನ್ನು ನೋಡು. ಅದಕ್ಕೂ ಮೊದಲು ಸ್ಕ್ಯಾನ್ ನಡೆಯುವಾಗ ಪಕ್ಕದಲ್ಲಿ ನಿಂತು, ಮೇಲಿನ ಹೆಡ್‌ಗೂ ರೋಗಿಯ ಎದೆಗೂ ನಡುವೆ ಎಷ್ಟು ಬೆಳಕು ಕಾಣುತ್ತದೆ ಎಂದು ಬರಿಗಣ್ಣಿನಿಂದ ನೋಡಿ ಬಾ.

ಕಡಲತಡಿ:

ಸರ್, ಇಂದು ರಜೆ, ನಾಳೆ ನೋಡುತ್ತೇನೆ. ಆದರೆ ಒಂದು ಅನುಮಾನ. ಹೆಡ್ ದೂರವಿದ್ದಿದ್ದರೆ ಕೌಂಟ್ ಕಡಿಮೆಯಾಗಬೇಕಿತ್ತಲ್ಲವೇ? ದೂರ ಇಮ್ಮಡಿಯಾದರೆ ತೀವ್ರತೆ ನಾಲ್ಕನೆಯ ಒಂದು ಭಾಗವಾಗುತ್ತದೆ ಎಂದು ಓದಿದ್ದೇವೆ. ನಮ್ಮ ಮುಂಭಾಗದ ಕೌಂಟ್ ಕಳೆದ ವರ್ಷದಷ್ಟೇ ಇದೆ.

ಸೀಸದ ಜಾಲರಿ:

ಬಹಳ ಒಳ್ಳೆಯ ಪ್ರಶ್ನೆ. ಅನುಭವಿಗಳೂ ಇಲ್ಲಿ ಎಡವುತ್ತಾರೆ. ಸಮಾನಾಂತರ ರಂಧ್ರಗಳ ಕಾಲಿಮೇಟರ್‌ನಲ್ಲಿ ಒಂದೊಂದು ರಂಧ್ರವನ್ನು ಪ್ರತ್ಯೇಕವಾಗಿ ನೋಡಿದರೆ ನೀವು ಹೇಳಿದ ವರ್ಗದ ನಿಯಮ ಸರಿಯಾಗಿಯೇ ನಡೆಯುತ್ತದೆ. ಆದರೆ ಒಂದು ಬಿಂದುವಿನಿಂದ ಹೊರಟ ಫೋಟಾನ್ ಎಷ್ಟು ರಂಧ್ರಗಳ ಮೂಲಕ ಹಾಯ್ದು ಹೋಗಬಲ್ಲದು ಎಂಬುದು ದೂರದೊಡನೆ ಹೆಚ್ಚುತ್ತದೆ. ಹತ್ತಿರವಿದ್ದಾಗ ಬಿಂದುವಿನ ನೇರಕ್ಕಿರುವ ಕೆಲವೇ ರಂಧ್ರಗಳು ಅದನ್ನು ಕಾಣುತ್ತವೆ. ದೂರ ಹೋದಂತೆ ಅಕ್ಕಪಕ್ಕದ ರಂಧ್ರಗಳೂ ಇಣುಕಿ ನೋಡತೊಡಗುತ್ತವೆ, ಅವುಗಳ ಸಂಖ್ಯೆಯೂ ದೂರದ ವರ್ಗದಂತೆಯೇ ಏರುತ್ತದೆ. ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಲಾಭ ಸರಿದೂಗಿಸುವುದರಿಂದ ಒಟ್ಟು ಕೌಂಟ್ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಆದರೆ ಅದೇ ಕೌಂಟ್ ಈಗ ಅಗಲವಾದ ಜಾಗದ ಮೇಲೆ ಹರಡಿರುತ್ತದೆ, ಮಸುಕು ಎಂದು ನಾವು ಕರೆಯುವುದು ಅದನ್ನೇ. ಸಾಮಾನ್ಯ ಹೈ ರೆಸಲ್ಯೂಶನ್ ಕಾಲಿಮೇಟರ್ 10 ಸೆಂ.ಮೀ. ದೂರದಲ್ಲಿ ಸುಮಾರು 7ರಿಂದ 8 ಮಿ.ಮೀ. ರೆಸಲ್ಯೂಶನ್ ಕೊಡುತ್ತದೆ (ಅದಕ್ಕಿಂತ ಹತ್ತಿರವಿರುವ ಎರಡು ಚುಕ್ಕೆಗಳು ಬೇರೆಯಾಗಿ ಕಾಣವು); 20 ಸೆಂ.ಮೀ.ಗೆ ಸರಿದರೆ 12 ಮಿ.ಮೀ. ದಾಟುತ್ತದೆ. ಕ್ರಿಸ್ಟಲ್ ಮತ್ತು ಟ್ಯೂಬ್‌ಗಳು ತಾವಾಗಿ 4 ಮಿ.ಮೀ.ಗಿಂತ ಚೆನ್ನಾಗಿಯೇ ಗುರುತಿಸಬಲ್ಲವಾದರೂ ಆ ಸಾಮರ್ಥ್ಯವೆಲ್ಲ ನಡುವಿನ ಗಾಳಿಯಲ್ಲಿ ಕರಗಿಹೋಗುತ್ತದೆ.

ಆದ್ದರಿಂದ ಒಟ್ಟು ಕೌಂಟ್ ನೋಡಿ ದೂರವನ್ನು ಊಹಿಸಲಾಗದು. ಬೆಳಗಿನ ಫ್ಲಡ್‌ಗೂ ಅದು ಸಿಗದು, ಏಕೆಂದರೆ ಆ ಹಾಳೆಯನ್ನು ನೀವು ಕಾಲಿಮೇಟರ್ ಮೇಲೆಯೇ ಇಡುತ್ತೀರಿ. ಹಳೆಯ ಕೈ ಅವರು ಹೇಳಿದಂತೆ ನಿಂತು ನೋಡಲೇಬೇಕು.

ಅರ್ಧಾಯುಷ್ಯ:

ನಾನು ಈ ವೃತ್ತಿಯವನಲ್ಲ. ನನ್ನ ತಾಯಿಗೆ ಎರಡು ಬಾರಿ ಮೂಳೆ ಸ್ಕ್ಯಾನ್ ಆಗಿರುವುದರಿಂದ ಓದುತ್ತಿದ್ದೇನೆ. ಚಿತ್ರ ಸ್ಪಷ್ಟವಾಗಲು ಔಷಧವನ್ನು ಇನ್ನಷ್ಟು ಹೆಚ್ಚು ಕೊಟ್ಟರಾಗದೇ? ಅಥವಾ ಹೆಚ್ಚು ಹೊತ್ತು ತೆಗೆದರಾಗದೇ?

ಬೆಳಕುಪೆಟ್ಟಿಗೆ:

ಎರಡೂ ಒಂದೇ ಕೆಲಸ ಮಾಡುತ್ತವೆ: ಎಣಿಕೆಗೆ ಸಿಗುವ ಫೋಟಾನ್‌ಗಳನ್ನು ಹೆಚ್ಚಿಸುತ್ತವೆ. ಚಿತ್ರದ ಒಂದು ಚುಕ್ಕೆಯಲ್ಲಿ 100 ಕೌಂಟ್ ಬಿದ್ದಿದ್ದರೆ ಅದರಲ್ಲಿ ಸಹಜವಾಗಿಯೇ ಶೇ. 10ರಷ್ಟು ಏರುಪೇರು ಇರುತ್ತದೆ, ಅದನ್ನು ಶೇ. 1ಕ್ಕೆ ಇಳಿಸಬೇಕಾದರೆ 10,000 ಕೌಂಟ್ ಬೇಕು. ಅಂದರೆ ಹತ್ತು ಪಟ್ಟು ನಯವಾಗಲು ನೂರು ಪಟ್ಟು ಎಣಿಸಬೇಕು. ಕಾಲಿಮೇಟರ್ ಎಂಬ ಸೀಸದ ಜಾಲರಿ ತನ್ನತ್ತ ಬಂದ ಫೋಟಾನ್‌ಗಳಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಂದನ್ನು ಮಾತ್ರ ಒಳಗೆ ಬಿಡುವುದರಿಂದ ನಮ್ಮ ಕಸುಬಿನಲ್ಲಿ ಎಣಿಕೆ ಎಂದಿಗೂ ಹೇರಳವಲ್ಲ.

ಔಷಧ ಹೆಚ್ಚಿಸಿದರೆ ವಿಕಿರಣವೂ ಹೆಚ್ಚುತ್ತದೆ. 740 ಮೆಗಾಬೆಕರೆಲ್ ಎಂಡಿಪಿಯಿಂದ ದೇಹಕ್ಕೆ ತಗಲುವುದು ಸುಮಾರು 4 ಮಿಲಿಸೀವರ್ಟ್. ಪ್ರಕೃತಿಯಿಂದಲೇ ಜಗತ್ತಿನ ಜನರಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ. ನಿಮ್ಮ ತಾಯಿಯವರಿಗೆ ಇದರಿಂದ ಆತಂಕ ಬೇಡ, ಆದರೆ ಅಗತ್ಯವಿಲ್ಲದೆ ಏರಿಸುವುದೂ ಬೇಡ. ಸಮಯ ಹೆಚ್ಚಿಸುವುದು ಅದಕ್ಕಿಂತ ಒಳ್ಳೆಯ ದಾರಿ. ನಿಮಿಷಕ್ಕೆ 15ರ ಬದಲು 10 ಸೆಂ.ಮೀ. ವೇಗದಲ್ಲಿ ಓಡಿಸಿದರೆ ಒಂದೂವರೆ ಪಟ್ಟು ಕೌಂಟ್ ಸಿಗುತ್ತದೆ; 180 ಸೆಂ.ಮೀ. ಉದ್ದಕ್ಕೆ 12 ನಿಮಿಷದ ಬದಲು 18 ನಿಮಿಷ ಬೇಕಾಗುತ್ತದೆ. ಆದರೆ ಬೆನ್ನುಮೂಳೆಗೆ ಕ್ಯಾನ್ಸರ್ ಹರಡಿದವರು ಗಟ್ಟಿ ಮಂಚದ ಮೇಲೆ 18 ನಿಮಿಷ ಅಲುಗದೆ ಮಲಗುವುದು ಸುಲಭದ ಮಾತಲ್ಲ. ಒಮ್ಮೆ ಮಗ್ಗುಲು ಬದಲಿಸಿದರೆ ಗಳಿಸಿದ ಕೌಂಟ್ ಎಲ್ಲವೂ ವ್ಯರ್ಥ. ಅದಕ್ಕೇ ಮೊಣಕಾಲಿನಡಿ ದಿಂಬು ಇಡುವುದನ್ನು, ತೋಳುಗಳನ್ನು ಪಟ್ಟಿಯಿಂದ ಹಿಡಿದಿಡುವುದನ್ನು, ಮುಂಚಿತವಾಗಿಯೇ ನೋವಿನ ಮಾತ್ರೆ ಕೊಡುವುದನ್ನು ನಾನು ಚಿತ್ರದ ಗುಣಮಟ್ಟದ ಲೆಕ್ಕಕ್ಕೇ ಸೇರಿಸುತ್ತೇನೆ.

ಹಾಟ್ ಲ್ಯಾಬ್:

ಅರ್ಧಾಯುಷ್ಯ ಎಂಬ ಹೆಸರಿಟ್ಟುಕೊಂಡವರಿಗೆ ಒಂದು ಮಾತು ಸೇರಿಸುತ್ತೇನೆ. ಹೆಚ್ಚು ಕೊಡೋಣವೆಂದರೂ ವಾರದ ಕೊನೆಗೆ ನಮ್ಮಲ್ಲಿ ಇರುವುದಿಲ್ಲ. ಜನರೇಟರ್‌ನೊಳಗಿನ ಮಾಲಿಬ್ಡಿನಂ-99ರ ಅರ್ಧಾಯುಷ್ಯ 66 ಗಂಟೆ. ಐದು ದಿನ ಕಳೆಯುವಾಗ ಮೊದಲಿನ ನಾಲ್ಕನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಉಳಿದಿರುತ್ತದೆ. 2009ರಲ್ಲಿ ಕೆನಡಾದ ಚಾಕ್ ರಿವರ್‌ನ ರಿಯಾಕ್ಟರ್ ಸೋರಿಕೆಯಿಂದ ನಿಂತಾಗ ಮಾಲಿಬ್ಡಿನಂ ಕೊರತೆ ಹಲವು ದೇಶಗಳನ್ನು ಕಾಡಿತು. ಕಡಿಮೆ ಔಷಧದಲ್ಲಿ ಹೆಚ್ಚು ಹೊತ್ತು ಚಿತ್ರ ತೆಗೆಯುವುದು ಆಗ ಆಯ್ಕೆಯ ಮಾತಾಗಿರಲಿಲ್ಲ, ಅನಿವಾರ್ಯವಾಗಿತ್ತು.

ಕಡಲತಡಿ:

ಸಿಕ್ಕಿತು.

ಬೆಳಿಗ್ಗೆ ಮೊದಲ ರೋಗಿಯ ಸ್ಕ್ಯಾನ್ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಿದೆ. ರೋಗಿ ತೀರ ತೆಳ್ಳಗಿನ ಹೆಂಗಸು. ಮೇಲಿನ ಹೆಡ್ ತಲೆಯಿಂದ ಪಾದದವರೆಗೆ ಒಂದೇ ಎತ್ತರದಲ್ಲಿ ಸಾಗಿತು. ಎದೆಯ ಮೇಲೆ ಇಳಿಯಲಿಲ್ಲ, ಹೊಟ್ಟೆಯ ಮೇಲೆ ಏರಲಿಲ್ಲ. ಅಳತೆಪಟ್ಟಿ ಹಿಡಿದು ನೋಡಿದರೆ ಎದೆಯಿಂದ ಕಾಲಿಮೇಟರ್‌ಗೆ 16 ಸೆಂ.ಮೀ. ಇತ್ತು, ಕಣಕಾಲಿನಿಂದ ಇನ್ನೂ ಹೆಚ್ಚು. ದೇಹದ ಏರಿಳಿತಕ್ಕೆ ತಕ್ಕಂತೆ ಹೆಡ್ ತಾನಾಗಿಯೇ ಇಳಿಯುವ ಬಾಡಿ ಕಾಂಟೂರ್ ಸೌಲಭ್ಯ ಪ್ರೊಟೊಕಾಲ್‌ನಲ್ಲಿ ಆರಿಹೋಗಿದೆ. ವಿಚಾರಿಸಿದಾಗ ತಿಳಿದುಬಂದದ್ದೇನೆಂದರೆ, ಕೆಲವು ವಾರಗಳ ಹಿಂದೆ ದಪ್ಪ ಹೊಟ್ಟೆಯ ರೋಗಿಯೊಬ್ಬರಿಗೆ ಹೆಡ್ ತಾಗಿ, ಸುರಕ್ಷತಾ ಸೆನ್ಸರ್ ಯಂತ್ರವನ್ನು ನಡುವೆಯೇ ನಿಲ್ಲಿಸಿ, ಆ ಸ್ಕ್ಯಾನ್ ಮೊದಲಿನಿಂದ ಮಾಡಬೇಕಾಗಿ ಬಂದಿತ್ತು. ಮರುದಿನದಿಂದ ನಮ್ಮಲ್ಲೇ ಒಬ್ಬರು ಮುಂಜಾಗ್ರತೆಗೆಂದು ಎತ್ತರವನ್ನು ಕೈಯಾರೆ ನಿಗದಿಪಡಿಸಿ, ಅದನ್ನೇ ಪ್ರೊಟೊಕಾಲ್ ಆಗಿ ಉಳಿಸಿಬಿಟ್ಟಿದ್ದಾರೆ. ಕೆಳಗಿನ ಹೆಡ್ ಮಂಚದ ತಳಕ್ಕೆ ಎಂದಿನಂತೆ ಹತ್ತಿರವೇ ಇದ್ದುದರಿಂದ ಹಿಂಭಾಗದ ನೋಟ ಉಳಿದುಕೊಂಡಿದೆ.

ಮಧ್ಯಾಹ್ನ ಒಂದು ಪ್ರಯೋಗವನ್ನೂ ಮಾಡಿದೆವು. ಡ್ರಿಪ್ ಹಾಕುವ ಸಣ್ಣ ನಳಿಕೆಯ ಎರಡು ತುಂಡುಗಳಿಗೆ ಟೆಕ್ನೀಷಿಯಂ ತುಂಬಿ, 10 ಮಿ.ಮೀ. ಅಂತರದಲ್ಲಿ ಸಮಾನಾಂತರವಾಗಿ ರಟ್ಟಿಗೆ ಅಂಟಿಸಿ, ಕಾಲಿಮೇಟರ್‌ನಿಂದ 5, 10, 20 ಸೆಂ.ಮೀ. ದೂರದಲ್ಲಿಟ್ಟು ಚಿತ್ರ ತೆಗೆದೆವು. 5ರಲ್ಲಿ ಎರಡು ಗೆರೆಗಳು, 10ರಲ್ಲಿಯೂ ಎರಡೇ, 20ರಲ್ಲಿ ಒಂದು ದಪ್ಪ ಗೆರೆ. ಮೂರರಲ್ಲೂ ಕೌಂಟ್ ಬಹುತೇಕ ಒಂದೇ ಇತ್ತು. ಓದಿದ್ದನ್ನು ಕಣ್ಣಾರೆ ಕಂಡ ಮೇಲೆ ಅರ್ಥವಾಗುವ ಬಗೆಯೇ ಬೇರೆ.

ಮೇಡಂ ಹೇಳಿದಂತೆ ಸ್ಪೆಕ್ಟ್ರಮ್ ನೋಡಿದಾಗ ಮೇಲಿನ ಹೆಡ್‌ನ ಟೆಕ್ನೀಷಿಯಂ ಪೀಕ್ 144ರ ಹತ್ತಿರ ಕುಳಿತಿರುವುದೂ ಕಂಡುಬಂತು. ಎಂಜಿನಿಯರ್ ಗುರುವಾರ ಬರುತ್ತಾರೆ. ಅಲ್ಲಿಯವರೆಗೆ ವಿಂಡೋವನ್ನು ಆ ಪೀಕ್‌ಗೆ ಹೊಂದಿಸಿಕೊಂಡಿದ್ದೇವೆ.

ಹಳೆಯ ಕೈ:

ಹೊಂದಿಸಿಕೊಂಡ ಮೇಲೆ ಟೆಕ್ನೀಷಿಯಂ ಇಟ್ಟೇ ಒಂದು ಫ್ಲಡ್ ತೆಗೆದು ನೋಡಿದೆಯಾ? ಟ್ಯೂಬ್‌ಗಳ ದುಂಡು ಗುರುತುಗಳು ಅದರಲ್ಲಿ ಮೂಡಿದರೆ ಇಡೀ ಹೆಡ್‌ನ ಗೇನ್ ಒಂದೇ ಸಮನೆ ಜಾರಿಲ್ಲ, ಕೆಲವು ಟ್ಯೂಬ್‌ಗಳು ಮಾತ್ರ ಜಾರಿವೆ ಎಂದರ್ಥ. ಆಗ ವಿಂಡೋ ಸರಿಸುವುದರಿಂದ ಪ್ರಯೋಜನವಿಲ್ಲ, ಟ್ಯೂನಿಂಗೇ ಆಗಬೇಕು.

ಹೊಟ್ಟೆ ದಪ್ಪ ಇರುವವರಿಗೆ ಒಂದು ಉಪಾಯ ಹೇಳುತ್ತೇನೆ. ಕಾಂಟೂರ್ ಹಾಕಿಯೇ ಓಡಿಸು, ಆದರೆ ಆರಂಭಿಸುವ ಮುನ್ನ ಕೈಗಳನ್ನು ಹೊಟ್ಟೆಯ ಮೇಲಲ್ಲ, ಪಕ್ಕದಲ್ಲಿ ಇರಿಸು. ಸಡಿಲ ಹೊದಿಕೆಯನ್ನು ತೆಗೆದುಬಿಡು. ಸೆನ್ಸರ್‌ಗೆ ತಾಗುವುದು ಹೊಟ್ಟೆಗಿಂತ ಹೊದಿಕೆಯ ಮಡಿಕೆಯೇ ಹೆಚ್ಚು. ಅಷ್ಟಾದರೂ ತಾಗುವಂತಿದ್ದರೆ ಆ ಒಬ್ಬರಿಗೆ ಮಾತ್ರ ಎತ್ತರವನ್ನು ಕೈಯಿಂದ ಹಾಕಿ, ಎದೆಗೂ ಸೊಂಟಕ್ಕೂ ಬೇರೆಯಾಗಿ ಹತ್ತಿರದ ಸ್ಪಾಟ್ ಚಿತ್ರ ತೆಗೆ. ಒಬ್ಬರಿಗಾಗಿ ಮಾಡಿದ ಬದಲಾವಣೆ ಎಲ್ಲರ ಪ್ರೊಟೊಕಾಲ್ ಆಗಬಾರದು.

ಕಡಲತಡಿ:

ಫ್ಲಡ್ ತೆಗೆದೆ ಸರ್. ಗುರುತುಗಳಿಲ್ಲ, ಸಮನಾಗಿದೆ. ಇನ್ನು ಆ ಸಾಫ್ಟ್‌ವೇರ್ ಬಗ್ಗೆ ಯಾರಾದರೂ ಹೇಳುವಿರಾ? ನಾಳೆ ಆಡಳಿತದವರಿಗೆ ಉತ್ತರ ಕೊಡಬೇಕಾಗಿದೆ.

ಸೀಸದ ಜಾಲರಿ:

ಸಾಫ್ಟ್‌ವೇರನ್ನು ಪೂರ್ತಿ ತಳ್ಳಿಹಾಕುವವಳು ನಾನಲ್ಲ. ಸ್ಪೆಕ್ಟ್ ಚಿತ್ರ (ಹೆಡ್‌ಗಳು ರೋಗಿಯ ಸುತ್ತ ತಿರುಗಿ ತೆಗೆಯುವ ಮೂರು ಆಯಾಮದ ಚಿತ್ರ) ಕಟ್ಟುವಲ್ಲಿ ಹಳೆಯ ಫಿಲ್ಟರ್ಡ್ ಬ್ಯಾಕ್ ಪ್ರೊಜೆಕ್ಷನ್ ಬದಲಿಗೆ ಓಸೆಮ್ ಎಂಬ ಲೆಕ್ಕದ ವಿಧಾನ ಬಂದದ್ದು ನಿಜವಾದ ಮುನ್ನಡೆಯೇ. 1994ರಲ್ಲಿ ಹಡ್ಸನ್ ಮತ್ತು ಲಾರ್ಕಿನ್ ಪ್ರಕಟಿಸಿದ ಆ ವಿಧಾನದಲ್ಲಿ ಪ್ರೊಜೆಕ್ಷನ್‌ಗಳನ್ನು (ಬೇರೆ ಬೇರೆ ಕೋನದ ನೋಟಗಳನ್ನು) ಗುಂಪುಗಳಾಗಿ ಒಡೆದು ಲೆಕ್ಕ ಹಾಕುವುದರಿಂದ, ಮೊದಲು ಬಹಳ ಹೊತ್ತು ಹಿಡಿಯುತ್ತಿದ್ದ ಪುನರಾವರ್ತನೆಯ ಲೆಕ್ಕ ದಿನನಿತ್ಯದ ಬಳಕೆಗೆ ಬಂತು. ಮುಖ್ಯವಾಗಿ, ಕಾಲಿಮೇಟರ್ ದೂರದೊಡನೆ ಎಷ್ಟು ಮಸುಕಾಗುತ್ತದೆ ಎಂಬುದನ್ನೂ ದೇಹ ಎಷ್ಟು ಫೋಟಾನ್‌ಗಳನ್ನು ತಡೆಯುತ್ತದೆ ಎಂಬುದನ್ನೂ ಲೆಕ್ಕದೊಳಗೇ ಸೇರಿಸಲು ಅದರಲ್ಲಿ ಅವಕಾಶವಿದೆ. ತಡೆಯುವಿಕೆ ಸಣ್ಣದೇನಲ್ಲ: 140 ಕೆಇವಿ ಫೋಟಾನ್‌ಗಳಲ್ಲಿ ಅರ್ಧದಷ್ಟು ಸುಮಾರು 4.6 ಸೆಂ.ಮೀ. ನೀರಿನಲ್ಲೇ ಕಳೆದುಹೋಗುತ್ತವೆ; 10 ಸೆಂ.ಮೀ. ಆಳದಿಂದ ದಿಕ್ಕು ತಪ್ಪದೆ ಹೊರಬರುವವು ನಾಲ್ಕರಲ್ಲಿ ಒಂದಕ್ಕೂ ಕಡಿಮೆ. ಹೃದಯದ ಸ್ಕ್ಯಾನ್‌ನಲ್ಲಿ ಸ್ತನವೋ ವಪೆಯೋ ತಡೆದ ನೆರಳನ್ನು ರಕ್ತದ ಕೊರತೆ ಎಂದು ಓದುವ ಅಪಾಯವನ್ನು ಸಿ.ಟಿ. ಆಧಾರದ ತಿದ್ದುಪಡಿ ಕಡಿಮೆ ಮಾಡಿದೆ.

ಆದರೆ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಪುನರಾವರ್ತನೆ ಹೆಚ್ಚಿಸಿದಷ್ಟೂ ಸೂಕ್ಷ್ಮ ವಿವರ ಮಾತ್ರವಲ್ಲ, ಗದ್ದಲವೂ (ಎಣಿಕೆಯ ಸಹಜ ಏರುಪೇರೂ) ಹರಿತವಾಗುತ್ತದೆ. ಮಸುಕನ್ನು ಹಿಂದಕ್ಕೆ ಬಿಡಿಸುವ ಲೆಕ್ಕವು ಅಂಚುಗಳಲ್ಲಿ ಇಲ್ಲದ ಹೊಳಪನ್ನು ಹುಟ್ಟಿಸಬಲ್ಲದು. ಎರಡನೆಯದು ನಿಮ್ಮ ಸಂದರ್ಭಕ್ಕೇ ತಕ್ಕದ್ದು. ಈ ಲೆಕ್ಕಗಳೆಲ್ಲ ಹೆಡ್ ಎಲ್ಲಿದೆ, ಪೀಕ್ ಎಲ್ಲಿದೆ, ಸುತ್ತುವಿಕೆಯ ಕೇಂದ್ರ ಎಲ್ಲಿದೆ ಎಂಬುದು ಸರಿಯಾಗಿ ಗೊತ್ತಿದೆ ಎಂದೇ ಹೊರಡುತ್ತವೆ. ಕೇಂದ್ರ ತಪ್ಪಿದ ಸ್ಪೆಕ್ಟ್‌ನಲ್ಲಿ ಚುಕ್ಕೆ ಬಳೆಯಾಗುತ್ತದೆ, ಫ್ಲಡ್ ಕೆಟ್ಟ ಸ್ಪೆಕ್ಟ್‌ನಲ್ಲಿ ಉಂಗುರಗಳು ಮೂಡುತ್ತವೆ. ಯಾವ ಸಾಫ್ಟ್‌ವೇರೂ ಇವನ್ನು ಕೇಳದೆ ತಿದ್ದಿಕೊಡುವುದಿಲ್ಲ. ಈ ಹೊತ್ತಿನಲ್ಲಿ ನೀವು ಅದನ್ನು ಕೊಂಡಿದ್ದರೆ 16 ಸೆಂ.ಮೀ. ದೂರದ ಚಿತ್ರಕ್ಕೆ ನಯವಾದ ಹೊದಿಕೆ ಹೊದಿಸಿ ನಿಜವಾದ ತಪ್ಪನ್ನು ಇನ್ನೊಂದು ವರ್ಷ ಮುಚ್ಚಿಡುತ್ತಿದ್ದಿರಿ.

ಬೆಳಕುಪೆಟ್ಟಿಗೆ:

ಕೃತಕ ಬುದ್ಧಿಮತ್ತೆಯಿಂದ ಗದ್ದಲ ತೆಗೆಯುವ ಸಾಫ್ಟ್‌ವೇರ್ ಬಗ್ಗೆ ನನ್ನದೊಂದು ದೂರಿದೆ. ಅದು ಕೊಡುವ ಚಿತ್ರ ನೋಡಲು ಚೆಂದ. ತೊಂದರೆ ಇರುವುದೇ ಆ ಚೆಂದದಲ್ಲಿ. ಗದ್ದಲದ ಚಿತ್ರವನ್ನು ನೋಡಿದಾಗ ಪಕ್ಕೆಲುಬಿನ ಸಣ್ಣ ಚುಕ್ಕೆಯನ್ನು ಎಷ್ಟು ನಂಬಬೇಕು ಎಂಬ ಅಂದಾಜು ನನ್ನ ಕಣ್ಣಿಗೇ ಸಿಗುತ್ತದೆ. ನಯಗೊಳಿಸಿದ ಚಿತ್ರದಲ್ಲಿ ಆ ಚುಕ್ಕೆ ಅಳಿಸಿಹೋಗಿದ್ದರೂ, ಇಲ್ಲದ್ದು ಮೂಡಿದ್ದರೂ, ಎರಡೂ ಒಂದೇ ಆತ್ಮವಿಶ್ವಾಸದಿಂದ ಹೊಳೆಯುತ್ತವೆ. ಕೊಳ್ಳುವುದೇ ಆದರೆ ಮೂಲ ಚಿತ್ರವನ್ನೂ ಪಕ್ಕದಲ್ಲಿ ತೋರಿಸಬೇಕೆಂಬ ಷರತ್ತು ಹಾಕಿ, ನಿಮ್ಮದೇ ಹಳೆಯ ರೋಗಿಗಳ ಗೊತ್ತಿರುವ ಸಣ್ಣ ಗಾಯಗಳ ಮೇಲೆ ಮೊದಲು ಪರೀಕ್ಷಿಸಿ.

ಸೈಕ್ಲೋಟ್ರಾನ್ ಪಕ್ಕ:

ಬೆಂಗಳೂರಿನಲ್ಲಿ ಪೆಟ್ (ಜೋಡಿ ಫೋಟಾನ್‌ಗಳಿಂದ ಚಿತ್ರ ತೆಗೆಯುವ ಇನ್ನೊಂದು ಬಗೆಯ ಸ್ಕ್ಯಾನ್) ವಿಭಾಗದಲ್ಲಿರುವ ನಾನು ಇಲ್ಲಿಯವರೆಗೆ ಮೌನವಾಗಿ ಓದುತ್ತಿದ್ದೆ. ನಮ್ಮಲ್ಲಿ ಸೀಸದ ಜಾಲರಿಯೇ ಇಲ್ಲ. ಎದುರುಬದುರಾಗಿ ಒಂದೇ ಕ್ಷಣದಲ್ಲಿ ಬರುವ 511 ಕೆಇವಿಯ ಜೋಡಿ ಫೋಟಾನ್‌ಗಳಿಂದ ದಿಕ್ಕು ತಿಳಿಯುತ್ತದೆ. ಟೈಮ್ ಆಫ್ ಫ್ಲೈಟ್ ಬಂದ ಮೇಲೆ ಜೋಡಿಯಲ್ಲಿ ಯಾವುದು ಮೊದಲು ತಲುಪಿತು ಎಂಬುದನ್ನೂ ಅಳೆಯುತ್ತೇವೆ. 200 ಪಿಕೋಸೆಕೆಂಡ್ ನಿಖರತೆ ಎಂದರೆ ಗೆರೆಯ ಮೇಲೆ ಸುಮಾರು 3 ಸೆಂ.ಮೀ. ಒಳಗೆ ಜಾಗ ಗೊತ್ತಾದಂತೆ. ಇಷ್ಟೆಲ್ಲ ಇದ್ದರೂ ಕಳೆದ ತಿಂಗಳು ನಮ್ಮ ಕೆಟ್ಟ ಚಿತ್ರಗಳಿಗೆಲ್ಲ ಕಾರಣವಾದದ್ದು ಕಾಯುವ ಕೋಣೆಯ ಚಳಿ. ಇಂಜೆಕ್ಷನ್ ನಂತರದ ಒಂದು ಗಂಟೆ ಚಳಿಯಲ್ಲಿ ಕುಳಿತ ಯುವತಿಯರ ಕುತ್ತಿಗೆಯ ಕಂದು ಕೊಬ್ಬು ಎಫ್‌ಡಿಜಿಯನ್ನು (ಪೆಟ್‌ಗೆ ಚುಚ್ಚುವ ಸಕ್ಕರೆಯಂಥ ಔಷಧವನ್ನು) ಹೀರಿ, ಲಿಂಫ್ ಗ್ರಂಥಿಗಳನ್ನು ಓದಲಾಗದಂತೆ ಮಾಡಿತ್ತು. ಎರಡು ಕಂಬಳಿ ತಂದಿಟ್ಟೆವು.

ಬೆಳಕುಪೆಟ್ಟಿಗೆ:

ಕಡಲತಡಿಯವರೇ, ಒಂದು ಪ್ರಶ್ನೆಯನ್ನು ಯಾರೂ ಕೇಳಿಲ್ಲ. ಕಾಂಟೂರ್ ಆರಿದ್ದು ಯಾವ ದಿನದಿಂದ? ಅಂದಿನಿಂದ ಇಂದಿನವರೆಗೆ ಎದೆಮೂಳೆ, ಪಕ್ಕೆಲುಬು ಸಹಜವಾಗಿವೆ ಎಂದು ಬರೆದುಕೊಟ್ಟ ವರದಿಗಳು ಎಷ್ಟು? ಹಿಂಭಾಗದ ನೋಟ ಬೆನ್ನುಮೂಳೆಯನ್ನು ಕಾಪಾಡಿರಬಹುದು, ಆದರೆ ಎದೆಮೂಳೆ ಅದರಲ್ಲಿ ಸಿಗುವುದಿಲ್ಲ. ಸ್ತನ ಕ್ಯಾನ್ಸರ್‌ನಲ್ಲಿ ಎದೆಮೂಳೆ ಕಡೆಗಣಿಸುವ ಜಾಗವಲ್ಲ.

ಕಡಲತಡಿ:

ಮೇಡಂ, ಈ ಪ್ರಶ್ನೆಯಿಂದ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಪ್ರೊಟೊಕಾಲ್ ಉಳಿಸಿದ ದಿನಾಂಕ ಯಂತ್ರದ ಲಾಗ್‌ನಲ್ಲಿ ಸಿಕ್ಕಿತು. ಅಂದಿನಿಂದ 94 ಮಂದಿಯ ಸ್ಕ್ಯಾನ್ ಆಗಿದೆ. ನಮ್ಮ ವೈದ್ಯೆ ಎಲ್ಲವನ್ನೂ ಮತ್ತೆ ತೆರೆದು ನೋಡಿದ್ದಾರೆ. ಬಹುಪಾಲು ವರದಿಗಳು ಬದಲಾಗುವುದಿಲ್ಲ. ಏಳು ಮಂದಿಯ ವಿಷಯದಲ್ಲಿ ಅವರ ಬಳಿ ಈಗಾಗಲೇ ಇರುವ ಸಿ.ಟಿ. ನೋಡಿದರೆ ಸಾಕು ಎಂದಿದ್ದಾರೆ. ಇಬ್ಬರನ್ನು ಮಾತ್ರ ಮತ್ತೆ ಕರೆಸಬೇಕಾಗಿದೆ. ಮತ್ತೊಮ್ಮೆ ಇಂಜೆಕ್ಷನ್ ಕೊಡುವುದು ಏಕೆ ಎಂಬುದನ್ನು ಮುಚ್ಚಿಡದೆ ಫೋನಿನಲ್ಲಿ ಅವರಿಗೆ ವಿವರಿಸಿದ್ದಾರೆ, ಶುಲ್ಕ ತೆಗೆದುಕೊಳ್ಳುವುದಿಲ್ಲವೆಂದು ಆಡಳಿತವೂ ಒಪ್ಪಿದೆ. ಸಾಫ್ಟ್‌ವೇರ್ ಖರೀದಿ ಮುಂದಕ್ಕೆ ಹೋಗಿದೆ. ಪ್ರೊಟೊಕಾಲ್ ಬದಲಿಸಲು ಪಾಸ್‌ವರ್ಡ್ ಹಾಕಿಸಿದ್ದೇವೆ, ಯಂತ್ರದ ಮೇಲೆ ಅಳತೆಪಟ್ಟಿಯೊಂದನ್ನು ನೇತುಹಾಕಿದ್ದೇವೆ.

ಇಬ್ಬರಲ್ಲಿ ಒಬ್ಬರು ಸೋಮವಾರ ಬರುತ್ತಾರೆ, ಹೊಸ ಜನರೇಟರ್ ಬರುವುದೂ ಅಂದೇ. ಅವರ ಊರಿಗೆ ಕೊನೆಯ ಬಸ್ಸು ನಾಲ್ಕೂವರೆಗೆ. ಆದ್ದರಿಂದ ಬೆಳಗಿನ ಮೊದಲ ಇಂಜೆಕ್ಷನ್ ಅವರದೇ.